ಅರ್ಧ ಕೆಲಸ, ಪೂರ್ತಿ ವಿಮೆ

ಆಗಸ್ಟ್ 5

ಹೆಂಡತಿ ಥಿಯಾಳ ಎಡಗಾಲಿಗೆ ಪಟ್ಟಿ ಬಿಗಿದೆ. ಇವತ್ತು ಕಾಲು ಹೇಳಿದ ಮಾತು ಕೇಳುತ್ತಿಲ್ಲವಂತೆ. ಕಾಫಿ, ಬ್ರೆಡ್ಡು, ಹಿತ್ತಿಲಿನ ಟೊಮೆಟೊ. ಮುಂದಿನ ತಿಂಗಳು ಅವಳಿಗೆ ಆಸ್ಪತ್ರೆಯಲ್ಲಿ ಡ್ರಿಪ್. ಆರು ತಿಂಗಳಿಗೊಮ್ಮೆ ಆ ಔಷಧಿ ಏರದಿದ್ದರೆ ಈ ನರಗಳ ಕಾಯಿಲೆ ಇನ್ನೊಂದು ಕಾಲಿಗೂ ಕೈಹಾಕುತ್ತದೆ.

ವಿಶ್ವವಿದ್ಯಾಲಯದಲ್ಲಿ ಹಂತಹಂತದ ನಿವೃತ್ತಿಗೆ ಸಹಿ ಹಾಕಿದ್ದೇ ಇವಳಿಗಾಗಿ. ಮೂರು ವರ್ಷ ಅರ್ಧ ಕೆಲಸ, ಅರ್ಧ ಸಂಬಳ. ವಿಮೆ ಮಾತ್ರ ಪೂರ್ತಿ — ಇಬ್ಬರಿಗೂ. ಒಂದು ವರ್ಷ ಕಳೆದಿದೆ.

ಮಧ್ಯಾಹ್ನ ಡ್ವೈಟ್ ಫೋನ್. ಒಂದು ಕಾಲದ ನನ್ನ ವಿದ್ಯಾರ್ಥಿ, ಈಗ ಭೂವಿಜ್ಞಾನ ವಿಭಾಗದ ಮುಖ್ಯಸ್ಥ.

"ಆಲ್ಡನ್, ನಿಮ್ಮ ಹಿಮನದಿ ಕೋರ್ಸಿಗೆ ನಾಲ್ಕೇ ಜನ ಸೇರಿದಾರೆ. ಡೀನ್ ತೆಗೆದುಹಾಕಿಬಿಟ್ರು."

"ಹೋಗ್ಲಿ ಬಿಡು" ಅಂದೆ. ಮನೆಯಲ್ಲಿ ಇನ್ನಷ್ಟು ಹೊತ್ತು ಇರಬಹುದು ಅಂದುಕೊಂಡೆ. ಮೂರ್ಖ.

ಆಗಸ್ಟ್ 6

ಸಿಬ್ಬಂದಿ ಕಚೇರಿ. ವಿಮೆ ನೋಡಿಕೊಳ್ಳುವ ಹೆಂಗಸು, ಪ್ರೂಯಿಟ್. ತುಂಬಾ ನಯ.

"ಕೆಲಸ ಅರ್ಧಕ್ಕಿಂತ ಕಡಿಮೆ ಆಯ್ತಲ್ಲ ಸರ್. ತಿಂಗಳ ಕೊನೆಗೆ ವಿಮೆ ನಿಲ್ಲುತ್ತೆ."

"ಹಾಗಿದ್ರೆ ಪೂರ್ತಿ ಕೆಲಸಕ್ಕೇ ವಾಪಸ್ ಬರ್ತೀನಿ."

"ಸಹಿ ಹಾಕಿದ ಮೇಲೆ ವಾಪಸ್ ಬರೋ ಹಾಗಿಲ್ಲ. ಆದ್ರೆ ನಿಮಗೇನು ಯೋಚ್ನೆ? ಅರವತ್ತೈದು ದಾಟಿದೆ, ಹಿರಿಯರಿಗೆ ಅಂತ ಸರ್ಕಾರದ ಮೆಡಿಕೇರ್ ವಿಮೆ ಇದ್ದೇ ಇದೆ."

"ನನ್ನ ಹೆಂಡ್ತಿಗೆ ಐವತ್ತೊಂಬತ್ತು."

"ಓ..." ಪರದೆ ನೋಡಿದಳು. "ಅವರಿಗೆ ಹೊರಗಿಂದ ಒಂದು ಕೊಂಡ್ಕೊಳ್ಳಿ."

ಹೊರಗಿನ ವಿಮೆಯಲ್ಲಿ ಥಿಯಾಳ ಡಾಕ್ಟರಿಲ್ಲ. ಆ ಔಷಧಿಗೆ ಮೊದಲಿನಿಂದ ಅರ್ಜಿ, ಮೊದಲಿನಿಂದ ಕಾಯುವುದು. ಕಾಯುವಷ್ಟು ಪುರುಸೊತ್ತು ಅವಳ ಕಾಲಿಗಿಲ್ಲ. ಇದೇ ವಿಮೆ ಉಳಿಸಿಕೊಳ್ಳಬೇಕೆಂದರೆ ವಿಶ್ವವಿದ್ಯಾಲಯದ ಪಾಲನ್ನೂ ನಾವೇ ಕಟ್ಟಬೇಕು — ನನ್ನ ಅರ್ಧ ಸಂಬಳ ಅದಕ್ಕೇ ಸರಿಹೋಗುತ್ತದೆ.

ಏಳುವಾಗ ವಿಶ್ವವಿದ್ಯಾಲಯದ ಹೆಸರಿದ್ದ ಪೆನ್ನೊಂದನ್ನು ಪುಕ್ಕಟೆ ಕೊಟ್ಟಳು.

ಥಿಯಾಳಿಗೆ ಹೇಳಿಲ್ಲ.

ಆಗಸ್ಟ್ 8

ಡ್ವೈಟ್‌ನ ಕೋಣೆ. ಬಾಗಿಲು ಮುಚ್ಚಿದ.

"ದಾರಿ ಇದೆ. ಮೊದಲ ವರ್ಷದವರ ಭೂವಿಜ್ಞಾನ ತಗೊಳ್ಳಿ. ತರಗತಿ ತುಂಬಿ ತುಳುಕ್ತಿದೆ, ಯಾರೂ ರದ್ದು ಮಾಡಲ್ಲ."

"ಅದು ಕೋರಾ ತಗೊಳ್ಳೋ ತರಗತಿ ಅಲ್ವಾ?"

"ಖಾಯಂ ಪ್ರಾಧ್ಯಾಪಕರಿಗೆ ಮೊದಲ ಹಕ್ಕು. ನೀವು ಕೇಳಿದ್ರೆ ನಾನು ಇಲ್ಲ ಅನ್ನೋಕಾಗಲ್ಲ."

"ಅವಳಿಗೆ?"

ಕಿಟಕಿಯ ಕಡೆ ತಿರುಗಿದ. "ಅವಳು ಗುತ್ತಿಗೆಯವಳು, ಆಲ್ಡನ್. ಒಂದು ತರಗತಿ ಹೋದ್ರೆ ಅವಳದೂ ಅರ್ಧಕ್ಕಿಂತ ಕೆಳಗೆ ಹೋಗುತ್ತೆ. ವಿಮೆ ಹೋಗುತ್ತೆ."

ಕೋರಾ ಹಾಲ್ವರ್ಸನ್. ಎಂಟು ವರ್ಷದಿಂದ ಸೆಮಿಸ್ಟರ್‌ಗೊಂದು ಗುತ್ತಿಗೆಯಲ್ಲಿ ಪಾಠ ಮಾಡುತ್ತಿದ್ದಾಳೆ. ವಿದ್ಯಾರ್ಥಿಗಳನ್ನು ಬೆಟ್ಟಕ್ಕೆ ಕರೆದೊಯ್ದಾಗ ಜಾರಿ ಬಿದ್ದು ಮಂಡಿ ಒಡೆದುಕೊಂಡವಳು. ಕೋಲೂರಿಕೊಂಡೇ ಬರುತ್ತಾಳೆ. ಅಕ್ಟೋಬರ್‌ನಲ್ಲಿ ಆಪರೇಷನ್ ಎಂದು ವಿಭಾಗಕ್ಕೆಲ್ಲ ಡೋನಟ್ ಹಂಚಿದ್ದಳು. ನಾನೂ ಎರಡು ತಿಂದಿದ್ದೆ.

"ಒಂದು ಮಾತು ಡೀನ್‌ಗೆ ಹೇಳು. ನನ್ನ ನಾಲ್ಕು ಜನಕ್ಕೇ ಪಾಠ ಮಾಡ್ತೀನಿ."

"ಹೇಳಿದೆ. ನಕ್ಕರು."

ಆಗಸ್ಟ್ 12

ಒಪ್ಪಿಕೊಂಡೆ. ಫೋನಿನಲ್ಲೇ. ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ಆಗಸ್ಟ್ 19

ಕೋರಾ ಬಂದಳು. ಕುಳಿತುಕೋ ಅಂದೆ, ಕೂರಲಿಲ್ಲ. ಕೂಗಾಡುತ್ತಾಳೆ ಅಂದುಕೊಂಡಿದ್ದೆ... ಕೂಗಾಡಿದ್ದರೆ ಚೆನ್ನಾಗಿತ್ತು.

"ಥಿಯಾಗೋಸ್ಕರ ಅಂತ ಡ್ವೈಟ್ ಹೇಳಿದ್ರು."

"ಹೌದು. ಕೋರಾ, ನನಗೆ ಬೇರೆ—"

"ಗೊತ್ತು. ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಮಾಡ್ತಿದ್ದೆ." ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಆದ್ರೆ ಹಾಗೆ ಮಾಡೋಕೆ ಮುಂಚೆ ನಿಮ್ಮ ಮುಂದೆ ಬಂದು ನಿಂತು ಹೇಳ್ತಿದ್ದೆ. ನನಗೆ ಇಮೇಲ್ ಬಂತು ಪ್ರೊಫೆಸರ್. ಅಂಗಡಿಯಲ್ಲಿ ಸಾಲಲ್ಲಿ ನಿಂತಿದ್ದೆ."

"ಆಪರೇಷನ್ನು..." ಅಂದೆ.

"ಇದ್ದ ದಿನಾಂಕ ಬಿಟ್ಟುಕೊಟ್ಟೆ. ಇನ್ಯಾರಿಗಾದ್ರೂ ಸಿಗಲಿ."

ಕಾರಿಡಾರಿನಲ್ಲಿ ಕೋಲಿನ ಸದ್ದು ದೂರವಾಗುವವರೆಗೂ ನಿಂತೇ ಇದ್ದೆ.

ಆಗಸ್ಟ್ 21

ಥಿಯಾಳಿಗೆ ಗೊತ್ತಾಯಿತು. ಅವಳ ಹತ್ತಿರ ಚೆಲ್ಲೊ ವಾದ್ಯ ಕಲಿಯಲು ಬರುವ ಹುಡುಗಿಯ ತಾಯಿ, ಡ್ವೈಟ್‌ನ ಹೆಂಡತಿ, ಬಾಗಿಲಲ್ಲೇ ಹೇಳಿದಳಂತೆ — "ಸದ್ಯ, ನಿಮ್ಮದೊಂದು ಬಗೆಹರೀತಲ್ಲ!"

ಬೇಯಿಸಿದ ಮುಸುಕಿನ ಜೋಳದ ತೆನೆಗಳು ಮೇಜಿನ ಮೇಲೆ ಆರಿಹೋದವು.

"ನನ್ನ ಹೆಸರಲ್ಲಿ ಮಾಡಿದೀಯ. ನನಗೇ ಹೇಳಿಲ್ಲ."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ, ಅಲ್ವಾ?"

"ಈಗಲೂ ಆಗುತ್ತೆ ಥಿಯಾ. ನಾಳೆ ಬೆಳಿಗ್ಗೆ ಹೋಗಿ ತರಗತಿ ವಾಪಸ್ ಕೊಟ್ಟುಬಿಡ್ತೀನಿ. ಕೊಡ್ಲಾ?"

ಕೇಳಬಾರದಿತ್ತು. ಕೇಳುವಾಗಲೇ ಗೊತ್ತಿತ್ತು. ತುಂಬಾ ಹೊತ್ತು ತನ್ನ ಕಾಲನ್ನೇ ನೋಡಿಕೊಂಡಳು.

"ಬೇಡ" ಅಂದಳು.

ತರಗತಿ ಕಸಿದುಕೊಂಡದ್ದನ್ನು ಬೇಕಾದರೆ ಮರೆತಾಳು. ತನ್ನ ಬಾಯಿಂದ ಆ ಮಾತು ಹೊರಡಿಸಿದ್ದನ್ನು ಮರೆಯಲಾರಳು.

ಸೆಪ್ಟೆಂಬರ್ 17

ಡ್ರಿಪ್. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಕುರ್ಚಿ. ನರ್ಸು ಒಳ್ಳೆಯವಳು, ಕಂಬಳಿ ಬಿಸಿ ಮಾಡಿ ತಂದು ಹೊದಿಸಿದಳು.

"ನಿಮ್ಮ ವಿಮೆ ತುಂಬಾ ಚೆನ್ನಾಗಿದೆ ಕಣಮ್ಮ. ಎಷ್ಟೋ ಜನಕ್ಕೆ ಈ ಅದೃಷ್ಟ ಇಲ್ಲ."

ಥಿಯಾ ಕಣ್ಣು ಮುಚ್ಚಿದಳು. ನಾನು ಕಾಫಿ ತರುತ್ತೇನೆಂದು ಎದ್ದುಹೋದೆ.

ಮನೆಯಲ್ಲಿ ಈಗ ಜಗಳವಿಲ್ಲ. ಔಷಧಿ, ಊಟ, ಹವಾಮಾನ — ಇಷ್ಟೇ ಮಾತು. ಕಾಲಿಗೆ ಪಟ್ಟಿ ತಾನೇ ಬಿಗಿದುಕೊಳ್ಳುತ್ತಾಳೆ. ಅರ್ಧ ಗಂಟೆ ಹಿಡಿಯುತ್ತದೆ. ನನ್ನನ್ನು ಕರೆಯುವುದಿಲ್ಲ.

ಅಕ್ಟೋಬರ್ 9

ಡ್ವೈಟ್ ಹೇಳಿದ: ಕೋರಾ ಉಳಿದಿದ್ದ ಒಂದು ತರಗತಿಯನ್ನೂ ಬಿಟ್ಟಳಂತೆ. ಪಕ್ಕದ ಊರಿನ ಗೋದಾಮಿನಲ್ಲಿ ಕೆಲಸ. ಅಲ್ಲಿ ಮೂರು ತಿಂಗಳು ಕಳೆದರೆ ವಿಮೆ ಕೊಡುತ್ತಾರೆ. ದಿನವಿಡೀ ನಿಂತೇ ಮಾಡುವ ಕೆಲಸ.

"ಒಳ್ಳೇದೇ ಆಯ್ತು ಬಿಡಿ ಅವಳಿಗೆ" ಅಂದ.

ಹೌದು ಅಂದೆ. ಹೌದು ಅಂದೆ ನಾನು.

ಮನೆಗೆ ಬಂದು ಇದೊಂದನ್ನಾದರೂ ಮುಚ್ಚಿಡದೆ ಥಿಯಾಳಿಗೆ ಹೇಳಿದೆ.

ಅಕ್ಟೋಬರ್ 12, ಭಾನುವಾರ

ವಿಭಾಗದಲ್ಲಿ ಯಾರನ್ನು ಕೇಳಿ ಕೋರಾಳ ನಂಬರು ಪಡೆದಳೋ. ಅಡುಗೆಮನೆಯಲ್ಲಿ ಥಿಯಾಳ ದನಿ ಕೇಳಿ ಬಾಗಿಲಲ್ಲೇ ನಿಂತೆ.

"ಕೋರಾ? ನಾನು ಥಿಯಾ... ಇಲ್ಲ, ಕ್ಷಮಿಸು ಅಂತ ಕೇಳೋಕೆ ಫೋನ್ ಮಾಡಿಲ್ಲ. ಆ ಔಷಧಿ ತಗೊಂಡೆ ನಾನು. ಗೊತ್ತಿದ್ದೇ ತಗೊಂಡೆ. ಅದನ್ನ ನಿನಗೆ ನಾನೇ ಹೇಳ್ಬೇಕು ಅನ್ನಿಸ್ತು... ಹೂಂ... ಮಂಡಿ ಹೇಗಿದೆ?"

ಆಮೇಲೆ ತುಂಬಾ ಹೊತ್ತು ಬರೀ ಕೇಳಿಸಿಕೊಂಡಳು. ಒಮ್ಮೆ ನಕ್ಕಳು ಕೂಡ. ಆ ನಗು ನಾನು ಕೇಳಿ ಎಷ್ಟು ದಿನವಾಗಿತ್ತು.

ತಲೆಯೆತ್ತಿ ನನ್ನನ್ನು ನೋಡಿದಳು. ನಗು ಹೋಯಿತು. ಫೋನು ನನ್ನ ಕಡೆ ಚಾಚಿದಳು.

"ತಗೋ. ನಿನ್ನ ಮಾತು ನೀನೇ ಆಡು."

ತೆಗೆದುಕೊಂಡೆ. ಆ ಕಡೆ ಉಸಿರಿನ ಸದ್ದು. ಹಿಂದೆ ಎಲ್ಲೋ ಟಿವಿ.

"ಕೋರಾ" ಅಂದೆ. ಆಮೇಲೆ, ಆಗಸ್ಟ್‌ನಲ್ಲೇ ಅವಳ ಮುಂದೆ ನಿಂತು ಹೇಳಬೇಕಾಗಿದ್ದನ್ನು ಹೇಳತೊಡಗಿದೆ.