ಹಸಿರು ಪೆನ್ನಿನ ಟೀಚರ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.40

ಆರನೇ ಪಾಠದ ಪ್ರೂಫ್ ಮುಗಿಯಿತು. ‘ವಿಮಾನ ನಿಲ್ದಾಣದಲ್ಲಿ’. ಪುಸ್ತಕ ಯಾರಿಗೆ? ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಹೆಂಗಸರಿಗೆ. ಅವರಿಗೆ ಬೋರ್ಡಿಂಗ್ ಪಾಸ್ ಕೇಳುವುದನ್ನು ಕಲಿಸುತ್ತೇವೆ. ಬರೆದವಳು ನಾನೇ. ನಾಚಿಕೆಯಾಗುತ್ತದೆ.

ಏಳನೇ ಪಾಠ ಮಾತ್ರ ಯಾರನ್ನೂ ಕೇಳದೆ ಬರೆದೆ. ‘ಸಹಿ ಹಾಕುವ ಮುನ್ನ’. ಮೇಲ್ವಿಚಾರಕ ಕಾಗದ ಚಾಚುತ್ತಾನೆ. ಹೆಂಗಸು, ಓದಿ ನೋಡುತ್ತೇನೆ ಎನ್ನುತ್ತಾಳೆ. ಅಷ್ಟೇ.

ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷರು ಪುಟ ತಿರುಗಿಸಿ ಮುಖ ಸಿಂಡರಿಸಿದರು. "ಇಂಗ್ಲಿಷ್ ಪಾಠದಲ್ಲಿ ಜಗಳ ಯಾಕಮ್ಮ? ಪುಸ್ತಕ ತಗೊಳ್ಳೋದು ಆಸ್ಪತ್ರೆಯೋರೇ ಅಲ್ವಾ?"

"ಜಗಳ ಅಲ್ಲ ಸರ್, ಓದೋದು."

"ಆಯ್ತು, ಟ್ರಯಲ್ ಆಗ್ಲಿ." ಕಣ್ಣು ಮಿಟುಕಿಸಿದರು.

ಅದರ ಅರ್ಥ ಗೊತ್ತು. ಪಾಠವನ್ನು ತರಗತಿಯಲ್ಲಿ ನಡೆಸಿ, ಕಲಿಸಿದವರು ಫಾರಂ ತುಂಬಬೇಕು — ಇದು ನಿಯಮ. ರೂಢಿ ಬೇರೆ. ಹನ್ನೊಂದು ವರ್ಷದಿಂದ ಎಲ್ಲ ಫಾರಂ ತುಂಬುತ್ತಿರುವವಳು ನಾನು, ಇದೇ ಮೇಜಿನಲ್ಲಿ. ನೀಲಿ, ಕಪ್ಪು, ಹಸಿರು. ಮೂರು ಪೆನ್ನು, ಮೂವರು ಟೀಚರ್. ಹಸಿರು ಪೆನ್ನಿನವಳ ಅಕ್ಷರ ಎಡಕ್ಕೆ ವಾಲುತ್ತದೆ. ಆಕೆ ಸ್ವಲ್ಪ ಸಿಡುಕಿ. ‘ಸಮಯ ಸಾಲಲಿಲ್ಲ’ ಎಂದು ಬರೆಯದೆ ಬಿಡಳು. ಯಾವ ತರಗತಿಯ ಬಾಗಿಲನ್ನೂ ನಾನು ತಟ್ಟಿಲ್ಲ.

ಮಾರ್ಚ್ 5, ಬುಧವಾರ

ಅಕ್ಕನ ಬಲಗೈ ಕಟ್ಟು ಬಿಚ್ಚಿದರು. ಚರ್ಮ ಇನ್ನೂ ಕೆಂಪಗಿದೆ. ಅವಳಿಗೆ ಅದೇ ಲಾಂಡ್ರಿಯಲ್ಲಿ ಕೆಲಸ. ಇಸ್ತ್ರಿ ಯಂತ್ರದ ಮುಚ್ಚಳ ಸಡಿಲವಾಗಿದೆ ಎಂದು ಎರಡು ತಿಂಗಳು ಹೇಳುತ್ತಲೇ ಇದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಚ್ಚಳ ಕೈಮೇಲೆ ಬಿದ್ದ ದಿನವೇ ಎಡಗೈಯಲ್ಲಿ ಸಹಿ ಹಾಕಿಸಿಕೊಂಡರು. ಇಂಗ್ಲಿಷ್ ಕಾಗದ. ‘ನನ್ನ ಅಜಾಗರೂಕತೆಯಿಂದ’ ಎಂದಿತ್ತು.

"ರಜೆ ಚೀಟಿ ಅಂದ್ರು ಕಣೇ," ಎಂದಳು ಅಕ್ಕ.

ತಂಗಿ ಇಂಗ್ಲಿಷ್ ಪುಸ್ತಕ ಬರೆಯುವವಳು! ದೀಪದ ಬುಡದಲ್ಲೇ ಕತ್ತಲೆ. ಸಿಟ್ಟು ಯಾರ ಮೇಲೆ ಎಂದೇ ತಿಳಿಯುತ್ತಿಲ್ಲ — ಅವರ ಮೇಲೋ, ನನ್ನ ಮೇಲೋ.

ನಾಳೆ ಏಳನೇ ಪಾಠ ಹಿಡಿದು ತರಗತಿಗೆ ನಾನೇ ಹೋಗುತ್ತೇನೆ.

ಮಾರ್ಚ್ 6, ಗುರುವಾರ. ಸಂಜೆ 7.10

ಲಾಂಡ್ರಿ ಪಕ್ಕದ ಕೋಣೆ. ಸೋಪಿನ ವಾಸನೆ, ಗೋಡೆಯಾಚೆ ಯಂತ್ರದ ಗಡಗಡ. ಹದಿನಾಲ್ಕು ಜನ. ಅಕ್ಕ ಎರಡನೇ ಸಾಲಿನಲ್ಲಿ, ನನ್ನ ಪರಿಚಯವೇ ಇಲ್ಲದವಳ ಹಾಗೆ.

ನಾನು ಬರೆದ ವಾಕ್ಯ ಹೇಳಿಕೊಟ್ಟೆ. "ಎಕ್ಸ್‌ಕ್ಯೂಸ್ ಮಿ ಸರ್, ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಐ ಕುಡ್ ರೀಡ್ ದಿಸ್ ಬಿಫೋರ್ ಸೈನಿಂಗ್."

 ಮುಂದೆ ಕೂತಿದ್ದ ಬಟ್ಟೆ ಮಡಚುವಾಕೆ ಕೈ ಎತ್ತಿದಳು. "ಮೇಡಂ, ಇಷ್ಟುದ್ದ ಹೇಳೋಷ್ಟ್ರಲ್ಲಿ ಅವ್ರು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗಿರ್ತಾರೆ."

ಕೋಣೆಯೆಲ್ಲ ನಗು. "ಮೂಗಿಗಿಂತ ಮೂಗುತಿ ಭಾರ," ಎಂದಳು ಅಕ್ಕ. ಒಡಹುಟ್ಟಿದವಳು!

ಬೋರ್ಡಿನ ಮೇಲಿನ ವಾಕ್ಯವನ್ನು ಅವರೇ ಒಂದೊಂದೇ ಪದವಾಗಿ ಒರೆಸಿದರು, ‘ಬಿಫೋರ್ ಸೈನಿಂಗ್’ ಜಾಗದಲ್ಲಿ ‘ಫಸ್ಟ್’ ಹಾಕಿಸಿದರು. ಕೊನೆಗೆ ಉಳಿದದ್ದು: "ಐ ರೀಡ್ ಫಸ್ಟ್." ನಾನು ಮೇಲ್ವಿಚಾರಕನ ಪಾತ್ರದಲ್ಲಿ ಕಾಗದ ಚಾಚಿದೆ. ಹದಿನಾಲ್ಕು ಜನವೂ ಕೈ ಹಿಂದೆ ಕಟ್ಟಿ ಅದನ್ನೇ ಹೇಳಿದರು. ಅಕ್ಕನದು ಕೊನೆಯ ಸರದಿ. ಯಂತ್ರದ ಸದ್ದಿಗಿಂತ ಜೋರು.

ಫಾರಂ ತುಂಬಿದೆ. ಒಂದೇ ಪೆನ್ನು, ನನ್ನದೇ ಅಕ್ಷರ. ‘ನನ್ನ ವಾಕ್ಯ ಸೋತಿತು. ಪಾಠ ಗೆದ್ದಿತು.’ ಹಿಂಬದಿಯಲ್ಲಿ ಹದಿನಾಲ್ಕು ಸಹಿ — ಎಲ್ಲರೂ ಓದಿಸಿಕೊಂಡೇ ಹಾಕಿದರು. ಕಚೇರಿಗೆ ಕೊಡುವ ಮುನ್ನ ನೆರಳಚ್ಚು ತೆಗೆಸಿ ಇಟ್ಟುಕೊಳ್ಳಬೇಕು.

ಮಾರ್ಚ್ 17, ಸೋಮವಾರ. ಮಧ್ಯಾಹ್ನ

ಫೈಲಿನಲ್ಲಿ ನನ್ನ ಫಾರಂ ಇಲ್ಲ. ಬೇರೆಯದಿದೆ.

‘ಕಲಿಯುವವರು ಗೊಂದಲಗೊಂಡರು. ಸಮಯ ಸಾಲಲಿಲ್ಲ. ಏಳನೇ ಪಾಠ ಕೈಬಿಡುವುದು ಒಳಿತು.’ ತಾರೀಕು ಮಾರ್ಚ್ 9. ಭಾನುವಾರ! ಅಂದು ತರಗತಿಯೇ ಇಲ್ಲ.

ಹಸಿರು ಪೆನ್ನು. ಅಕ್ಷರ ಎಡಕ್ಕೆ ವಾಲಿದೆ.

ನಾನು ಹುಟ್ಟಿಸಿದ ಟೀಚರ್ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದಾಳೆ.

ಅಧ್ಯಕ್ಷರ ಕೋಣೆಗೆ ನುಗ್ಗಿದೆ. "ಇದು ಸುಳ್ಳು ಸರ್."

"ಹೌದಾ? ಹಾಗಾದ್ರೆ ಬಾಕಿ ಹಸಿರು ಫಾರಂಗಳೆಲ್ಲ ನಿಜಾನಾ?" ಎಷ್ಟು ಮೆತ್ತಗೆ ಕೇಳಿದರು! "ಗುರುವಾರ ಸಭೆ. ಸುಮ್ನೆ ಆರು ಪಾಠ ಪಾಸ್ ಮಾಡಿಸ್ಕೊ. ನಿನಗೂ ಕ್ಷೇಮ, ನನಗೂ ಕ್ಷೇಮ."

ಮಾರ್ಚ್ 18, ಮಂಗಳವಾರ

ಹೆದರಿಕೆ. ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಮುಚ್ಚಿದರೆ ಪಾಠ.

ಅಕ್ಕ ಚಮಚ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಮೂರು ಸಲ ಬಿತ್ತು. ಮೂರು ಸಲವೂ ತಾನೇ ಬಗ್ಗಿ ಎತ್ತಿಕೊಂಡಳು.

ಮಾರ್ಚ್ 20, ಗುರುವಾರ. ಮಧ್ಯಾಹ್ನ 1.30

ಹೇಳಿಬಿಟ್ಟೆ.

ಸಮಿತಿಯ ಐದು ಜನ, ನಡುವೆ ಅಧ್ಯಕ್ಷರು. ಮೂರು ಪೆನ್ನುಗಳನ್ನು ಮೇಜಿನ ಮೇಲಿಟ್ಟೆ. ಒಂದೇ ಸಾಲನ್ನು ಮೂರು ಕೈಬರಹದಲ್ಲಿ ಬರೆದು ತೋರಿಸಿದೆ. "ಈ ಮೂವರು ಟೀಚರ್ ನಾನೇ. ಹನ್ನೊಂದು ವರ್ಷದ ಫಾರಂ ಎಲ್ಲ ನನ್ನ ಕಥೆ. ಅಧ್ಯಕ್ಷರಿಗೂ ಗೊತ್ತಿತ್ತು. ಆದ್ರೆ ಭಾನುವಾರದ ಈ ಫಾರಂ ನಾನು ಬರೆದಿಲ್ಲ." ನೆರಳಚ್ಚು ಮುಂದಿಟ್ಟೆ. "ನಿಜವಾಗಿ ನಡೆದ ಟ್ರಯಲ್ ಇದೊಂದೇ."

ಸಮಿತಿಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ಹದಿನಾಲ್ಕು ಸಹಿಗಳನ್ನೂ ಎಣಿಸಿದರು. ಅಧ್ಯಕ್ಷರು ಖಾಲಿ ಲೋಟವನ್ನೇ ಬಾಯಿಗೆತ್ತಿದರು. ತೀರ್ಮಾನವಿಲ್ಲದೆ ಸಭೆ ಮುಂದಕ್ಕೆ ಹೋಯಿತು.

ಮೂರು ಪೆನ್ನನ್ನೂ ಎತ್ತಿಕೊಂಡು ಹೊರಬಂದೆ.  

ಮಾರ್ಚ್ 21, ಶುಕ್ರವಾರ. ಸಂಜೆ 4.20

ಅಧ್ಯಕ್ಷರು ಜವಾನನ ಕೈಯಲ್ಲಿ ಮನೆಗೇ ಕಾಗದ ಕಳಿಸಿದ್ದಾರೆ. ಇಂಗ್ಲಿಷಿನಲ್ಲಿ. ಎಲ್ಲ ಫಾರಂಗಳನ್ನು ನಾನೇ ತುಂಬಿದ್ದೇನಂತೆ. ಅಧ್ಯಕ್ಷರಿಗೆ ಏನೂ ಗೊತ್ತಿರಲಿಲ್ಲವಂತೆ. ಆರನೇ ತಾರೀಕಿನ ಟ್ರಯಲ್ ಕೂಡ ನನ್ನ ಕಟ್ಟುಕಥೆಯಂತೆ, ಆದ್ದರಿಂದ ಏಳನೇ ಪಾಠ ವಾಪಸ್. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ.

ನಾನು ಏನನ್ನುವ ಮೊದಲೇ ಅಕ್ಕ ಕಿತ್ತುಕೊಂಡಳು. ಈಗ ಎದುರಿಗೇ ಕೂತು ಓದುತ್ತಿದ್ದಾಳೆ, ಸುಟ್ಟ ಬೆರಳನ್ನು ಅಕ್ಷರದ ಕೆಳಗಿಟ್ಟು. ತಿಳಿಯದ ಕಡೆ ನನ್ನನ್ನು ಕೇಳುತ್ತಾಳೆ.

"ಹನ್ನೊಂದು ವರ್ಷದ್ದು ನೀನೇ ಬರೆದಿದ್ದಾ?"

"ಹೂಂ."

"ಅದು ಇರ್ಲಿ ಹಾಗಾದ್ರೆ. ಮಾಡಿದ್ದುಣ್ಣೋ ಮಹಾರಾಯ. ಆರನೇ ತಾರೀಕಿಂದು?"

"ನಡೆದೇ ಇಲ್ಲ ಅಂತ ಬರ್ದಿದ್ದಾರೆ."

"ನಾವು ಹದಿನಾಲ್ಕು ಜನ ದೆವ್ವಗಳಾ!"

ಬಾಗಿಲಲ್ಲಿ ಜವಾನ ಗಡಿಯಾರ ನೋಡಿದ. "ಬೇಗ ಸಹಿ ಹಾಕಿಸಿ ಅಮ್ಮ, ಐದರೊಳಗೆ ಬೇಕಂತೆ."

ಅಕ್ಕ ತಲೆ ಎತ್ತಲಿಲ್ಲ. "ಐ ರೀಡ್ ಫಸ್ಟ್."

ಅವನು ಮೆಲ್ಲಗೆ ಮೆಟ್ಟಿಲ ಮೇಲೆ ಕೂತ.

ಈಗ ಪೆನ್ನು ಕೇಳುತ್ತಿದ್ದಾಳೆ. ಮೂರನ್ನೂ ಮುಂದಿಟ್ಟೆ. ಹಸಿರನ್ನೇ ಆರಿಸಿದಳು. ಬಲಗೈಯಲ್ಲೇ ಹಿಡಿದಳು. ಅಧ್ಯಕ್ಷರ ಸಾಲು, ಆರನೇ ತಾರೀಕಿನ ಸಾಲು, ಎರಡರ ಮೇಲೂ ಉದ್ದಕ್ಕೆ ಒಂದೊಂದು ಗೀಟು —