ನಿನಗೆ ಕೊಡದ ಗುಳಿಗೆ

ಇಳಕಲ್, ೧೦ ಫೆಬ್ರುವರಿ ೨೦೨೬. ಬಾಗಲಕೋಟೆಯ ದವಾಖಾನೆಯಿಂದ ಈಗಷ್ಟೇ ಬಂದೆ.

ಅಕ್ಕಾ,

ನನ್ನ ಎದೆಯ ಗಡ್ಡೆಯೂ ಕ್ಯಾನ್ಸರೇ. ಆದರೆ ಇದರಲ್ಲಿ ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳಿವೆಯಂತೆ. ಆಪರೇಷನ್ ಆದಮೇಲೆ ಅವನ್ನು ತಡೆಯಲು ಐದು ವರ್ಷ ದಿನಕ್ಕೊಂದು ಗುಳಿಗೆ. ನಿನ್ನ ಹಳೆಯ ಫೈಲನ್ನೂ ಒಯ್ದಿದ್ದೆ.

“ನಮ್ಮಕ್ಕಗ ಈ ಗುಳಿಗಿ ಯಾಕ ಕೊಡಲಿಲ್ರಿ?”

“ಅವರ ಗಡ್ಡಿಯೊಳಗ ರಿಸೆಪ್ಟರ್ ಇರಲೇ ಇಲ್ರಿ,” ಎಂದರು ಡಾಕ್ಟರು. “ಕೊಟ್ಟಿದ್ರೂ ಹತ್ತತಿರಲಿಲ್ಲ.”

ನಮ್ಮ ಓಣಿಯ ಗುರುಲಿಂಗವ್ವ ಇಂಥ ಗುಳಿಗೆಯಿಂದಲೇ ಉಳಿದಳೆಂದು ನಂಬಿ, ನಿನ್ನ ಮಣ್ಣಿಗೆ ಬಂದವರೆಲ್ಲರ ಎದುರು ನಿನ್ನ ಗಂಡನಿಗೆ, “ಗುಳಿಗಿ ತರಸದ ಕೊಂದ್ರಿ ನೀವು,” ಎಂದವಳು ನಾನು. ಆಮೇಲೆ ಮೂರು ವರ್ಷ ಅವರ ಮನೆಯ ನೀರು ಮುಟ್ಟಿಲ್ಲ. ನೀನಿದ್ದಿದ್ದರೆ ನನ್ನನ್ನು ಬೈದು, ಆಮೇಲೆ ರೊಟ್ಟಿ ಕಟ್ಟಿಕೊಡುತ್ತಿದ್ದೆ.

ಇವತ್ತೂ ಬಸ್ಸು ನಿಮ್ಮೂರು ಕಮತಗಿಯಲ್ಲಿ ನಿಂತಾಗ ನಾನು ಇಳಿಯಲಿಲ್ಲ. ನಾಳೆ ಇಳಿಯುತ್ತೇನೆ. ನಿಮ್ಮ ಮನೆಗೆ ಹೋಗಿ, ಅಂದ ಮಾತು ತಪ್ಪೆಂದು ಹೇಳಿ, ಚಹಾ ಕೇಳುತ್ತೇನೆ.