ಯೋಧನ ಕೆನ್ನೆಯ ನೆರಳು

ಅಣ್ಣಾ,

ನೀನು ತೀರಿಕೊಂಡಾಗ ಅರ್ಧ ಬಣ್ಣದಲ್ಲೇ ನಿಂತಿದ್ದ ಆ ಹೆಬ್ಬೆರಳುದ್ದದ ಬಾಹ್ಯಾಕಾಶ ಯೋಧನ ಗೊಂಬೆಯನ್ನು ಇವತ್ತು ಅಪ್ಪ ಕೈಗೆತ್ತಿಕೊಂಡರು. "ಕತ್ತೆ ವಯಸ್ಸಾದ್ರೂ ಗೊಂಬೆಯಾಟ ಬಿಡ್ಲಿಲ್ಲ" ಎಂದು ನಿನ್ನನ್ನು ಬಯ್ಯುತ್ತಿದ್ದ ನಮ್ಮ ಅಪ್ಪನೇ!

ಕಪ್ಪು ಬಣ್ಣಕ್ಕೆ ನೀರು ಬೆರೆಸಿ ಕವಚದ ಸಂದುಗಳಿಗೆ ಇಳಿಬಿಟ್ಟರು. ಅದು ಯೋಧನ ಕೆನ್ನೆಯ ಮೇಲೂ ಹರಿಯಿತು. ಒರೆಸಲು ನಾನು ಬಟ್ಟೆ ತಂದೆ.

"ಬಟ್ಟೆ ಬೇಡ ಕಣೇ. ಒದ್ದೆ ಕುಂಚದಲ್ಲಿ ಉಬ್ಬಿರೋ ಕಡೆ ಮಾತ್ರ ತೆಗಿ. ತಗ್ಗಲ್ಲಿ ನೆರಳು ಉಳಿದ್ರೇ ಮುಖಕ್ಕೆ ಜೀವ ಬರೋದು."

"ನಿಮಗ್ಯಾರು ಹೇಳ್ಕೊಟ್ರು?"

"ಅವನು ನಿನಗೆ ಹೇಳ್ಕೊಡ್ತಿದ್ನಲ್ಲ. ಪೇಪರ್ ಹಿಡ್ಕೊಂಡು ನಾನೂ ಅಲ್ಲೇ ಕೂತಿರ್ತಿದ್ದೆ."

ಆಮೇಲೆ ಅಪ್ಪ, "ಇದು ಒಣಗೋಕೆ ಎಷ್ಟು ಹೊತ್ತು ಬೇಕು?" ಎಂದರು. ನನಗೂ ತಿಳಿಯದು. ಕೇಳೋಣವೆಂದು ಇಬ್ಬರೂ ಒಟ್ಟಿಗೇ ನಿನ್ನ ಕೋಣೆಯತ್ತ ತಿರುಗಿದೆವು.